ವಿನ್ನಿಪೆಗ್‌ನ ಚಳಿಯಲ್ಲಿ ಶನಿವಾರ ಎಲ್ಲಿಗೆ ಹೋಗುವುದು?

ತಂಗೀ, ನಿನ್ನ ಪ್ರಶ್ನೆ ಕಾಸರಗೋಡು ಕಡೆಯ ಪೆರ್ಲದ ಮನೆಯಲ್ಲಿ ಕೂತು ಓದಿದೆ. ನಾನು ಕೆನಡಾದ ವಿನ್ನಿಪೆಗ್‌ನಿಂದ ರಜೆಗೆ ಊರಿಗೆ ಬಂದಿದ್ದೇನೆ. ನೀನು ಜನವರಿ ಕೊನೆಗೆ ನೀರ್ಚಾಲಿನಿಂದ ವಿನ್ನಿಪೆಗ್‌ಗೆ ಹೊರಡುತ್ತೀ, ಅಲ್ಲಿ ನಿನ್ನ ಗಂಡನಿಗೆ ಶನಿವಾರ ಭಾನುವಾರವೂ ಶಿಫ್ಟ್ ಇರುತ್ತದೆ ಅಂತ ಬರೆದಿದ್ದೀ. "ಹೊರಗೆ ಮೈನಸ್ ಇಪ್ಪತ್ತೈದು ಅಂತೆ. ಎರಡು ದಿನ ಗೋಡೆ ನೋಡಿಕೊಂಡು ಕೂರಬೇಕಾ ಅಕ್ಕಾ? ಸಂತೆ, ಜಾತ್ರೆ, ಆಟ ಅಂತ ಅಲ್ಲಿ ಏನಾದರೂ ಉಂಟಾ?" ಅಂತ ಕೇಳಿದ್ದೀ. ಉಂಟು, ಬೇಕಾದಷ್ಟು ಉಂಟು. ಆದರೆ ಸುಮ್ನೆ ನೋಡಿ ಬರಲು ಹೋಗಬೇಡ. ಕೈಯಲ್ಲಿ ಒಂದು ಕೆಲಸ ಹಿಡಿದುಕೊಂಡು ಹೋಗು. ನಾನು ಹೇಳಲಿಕ್ಕಿರುವುದು ಮುಖ್ಯವಾಗಿ ಇದೇ.

ನಮ್ಮಲ್ಲಿ ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ನೇಮ, ಕೋಲ, ಜಾತ್ರೆ ಎಲ್ಲ ನಿಲ್ಲುತ್ತದೆ. ಜೋರು ಮಳೆಯ ಆಟಿ ತಿಂಗಳು ಪೂರ್ತಿ ಜನ ಮನೆಯೊಳಗೆ. ದೀಪಾವಳಿ ಕಳೆದ ಮೇಲೆಯೇ ಮತ್ತೆ ಚೆಂಡೆ ಕೇಳುವುದು. ಹಾಗಾಗಿ ಹವೆ ಕೆಟ್ಟಾಗ ಒಳಗೆ ಕೂರುವುದು ನಮಗೆ ರೂಢಿ. ವಿನ್ನಿಪೆಗ್‌ನಲ್ಲಿ ಹಾಗೆ ಕೂತರೆ ನವೆಂಬರಿನಿಂದ ಮಾರ್ಚ್‌ವರೆಗೂ ಕೂತೇ ಇರಬೇಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮೊದಲ ಚಳಿಗಾಲದಲ್ಲಿ ಒಳಗೇ ಉಳಿದವರು ಎಷ್ಟು ಕುಗ್ಗಿಹೋಗುತ್ತಾರೆ ಎಂದು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ಅಲ್ಲಿಯ ಜನ ಚಳಿ ಮುಗಿಯಲಿ ಅಂತ ಕಾಯುವುದಿಲ್ಲ. ಅವರ ಜಾತ್ರೆ ನಡೆಯುವುದೇ ಹಿಮದಲ್ಲಿ.

ಮೊದಲ ಶನಿವಾರ 'ದ ಫೋರ್ಕ್ಸ್'ಗೆ ಹೋಗು. ರೆಡ್ ಮತ್ತು ಅಸಿನಿಬೋಯಿನ್ ಎಂಬ ಎರಡು ನದಿಗಳು ಸೇರುವ ಜಾಗ ಅದು. ಅಲ್ಲಿನ ಮೂಲನಿವಾಸಿಗಳು ಸುಮಾರು 6000 ವರ್ಷಗಳಿಂದ ಒಟ್ಟು ಸೇರುತ್ತಾ ಬಂದ ನೆಲ. ಈಗಿನ ಮಾರ್ಕೆಟ್ ಕಟ್ಟಡ ಹಿಂದೆ ರೈಲ್ವೆ ಕಂಪೆನಿಗಳ ಕುದುರೆ ಲಾಯವಾಗಿತ್ತು. ಅದನ್ನೇ ಜೋಡಿಸಿ ಕಟ್ಟಿ 1989ರಲ್ಲಿ ಮಾರ್ಕೆಟ್ ತೆರೆದರು. ಒಳಗೆ ಬೆಚ್ಚಗಿರುತ್ತದೆ. ಒಂದು ಕಾಫಿ ತೆಗೆದುಕೊಂಡು ಎಷ್ಟು ಹೊತ್ತು ಕೂತರೂ ಯಾರೂ ಏನೂ ಹೇಳುವುದಿಲ್ಲ. ನದಿ ಚೆನ್ನಾಗಿ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ದಾರಿ ಮಾಡುತ್ತಾರೆ. ನೆಸ್ತವೇಯ ರಿವರ್ ಟ್ರೈಲ್ ಅಂತ ಹೆಸರು. ಸ್ಕೇಟ್ ಮಾಡುವವರು ಒಂದು ಕಡೆ, ನಮ್ಮಂಥ ನಡೆಯುವವರು ಇನ್ನೊಂದು ಕಡೆ. ದಾರಿಯುದ್ದಕ್ಕೂ ಚಳಿ ಕಾಯಿಸಿಕೊಳ್ಳಲು ಚಿಕ್ಕ ಚಿಕ್ಕ ಗುಡಿಸಲುಗಳು. 2010ರಿಂದ ಇವುಗಳಿಗೆ ಸ್ಪರ್ಧೆಯೇ ಇದೆ. ಬೇರೆ ಬೇರೆ ದೇಶದ ವಾಸ್ತುಶಿಲ್ಪಿಗಳೂ ಕಲಾವಿದರೂ ವಿನ್ಯಾಸ ಕಳಿಸುತ್ತಾರೆ. ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಕೂಡ 2017ರಲ್ಲಿ ಒಂದನ್ನು ಮಾಡಿಕೊಟ್ಟಿದ್ದಾರೆ. ಸೆಖೆ ಜಾಸ್ತಿಯಾದ ವರ್ಷ ದಾರಿ ಬೇಗ ಮುಚ್ಚುತ್ತದೆ. ಹೊರಡುವ ಮೊದಲು ತೆರೆದಿದೆಯಾ ಎಂದು ನೋಡಿಕೋ.

ಕೈಕೆಲಸದ ಮಾರಾಟಗಳು ಜೋರಾಗಿ ನಡೆಯುವುದು ನವೆಂಬರ್, ಡಿಸೆಂಬರಿನಲ್ಲಿ. ಚರ್ಚಿನ ಕೆಳಮಾಳಿಗೆ, ಶಾಲೆಯ ಜಿಮ್, ಕಮ್ಯುನಿಟಿ ಸೆಂಟರ್, ಎಲ್ಲ ಕಡೆ ಮೇಜು ಹಾಕಿ ಕೂರುತ್ತಾರೆ. ಹೆಣೆದ ಟೋಪಿ, ಕೌದಿಯಂಥ ಹೊದಿಕೆ, ಮೇಣದ ಬತ್ತಿ, ಜೇನು, ಜಾಮ್. ಉಕ್ರೇನ್ ಮೂಲದ ಅಜ್ಜಿಯಂದಿರು ಚರ್ಚಿನಲ್ಲಿ ಒಟ್ಟಿಗೆ ಕೂತು ಮಾಡುವ ಪೆರೋಗಿ ಎಂಬ ಕಡುಬು ತಿನ್ನಲೇಬೇಕು. ಆಲೂಗಡ್ಡೆ ತುಂಬಿಸಿದ್ದು ನಮಗೂ ಆಗುತ್ತದೆ, ಆದರೆ ಮೇಲೆ ಬೇಕನ್, ಅಂದರೆ ಹಂದಿಮಾಂಸ, ಹಾಕುವುದು ಬೇಡ ಎಂದು ಮೊದಲೇ ಹೇಳು. ನೀನು ಬರುವಾಗ ಇದೆಲ್ಲ ಈ ವರ್ಷದ್ದು ಮುಗಿದಿರುತ್ತದೆ. ಮುಂದಿನ ನವೆಂಬರಿಗೆ ನೆನಪಿಟ್ಟುಕೋ. ಒಂದು ಮಾತು. ಅಲ್ಲಿ ಚೌಕಾಸಿ ಇಲ್ಲ. ಕೈಯಲ್ಲಿ ಹೆಣೆದವರ ಎದುರು ನಿಂತು ಬೆಲೆ ಇಳಿಸಲು ಕೇಳಿದರೆ ಅವರಿಗೆ ನೋವಾಗುತ್ತದೆ. ಕೊಳ್ಳದಿದ್ದರೂ ಪರವಾಗಿಲ್ಲ, "ಇದನ್ನು ಹೇಗೆ ಮಾಡಿದಿರಿ?" ಎಂದು ಕೇಳು. ಹತ್ತು ನಿಮಿಷ ಸಂತೋಷದಿಂದ ಹೇಳುತ್ತಾರೆ.

ಜನವರಿ, ಫೆಬ್ರವರಿಯ ಸಾಮಾನ್ಯ ವಾರಾಂತ್ಯಕ್ಕೆ ಲೈಬ್ರರಿಯೇ ದೊಡ್ಡ ಆಸರೆ. ವಿಳಾಸದ ದಾಖಲೆ ತೋರಿಸಿದರೆ ಕಾರ್ಡ್ ಪುಕ್ಕಟೆ. ಬಂದ ವಾರದಲ್ಲೇ ಮಾಡಿಸು. ಶಾಖೆಗಳಲ್ಲಿ ಹೆಣಿಗೆಯ ಕೂಟ, ಇಂಗ್ಲಿಷ್ ಮಾತಾಡುವ ಕೂಟ ನಡೆಯುತ್ತವೆ. ಊರಿನಲ್ಲಿ 60ರ ಆಸುಪಾಸು ಕಮ್ಯುನಿಟಿ ಸೆಂಟರ್‌ಗಳಿವೆ. ಹೆಚ್ಚಿನವು ನಡೆಯುವುದು ಅಕ್ಕಪಕ್ಕದವರ ಪುಕ್ಕಟೆ ದುಡಿಮೆಯಿಂದ. ನಗರ ಪಾಲಿಕೆಯವರು ಲೀಷರ್ ಗೈಡ್ ಅಂತ ಒಂದು ಪಟ್ಟಿ ತರುತ್ತಾರೆ. ಮಣ್ಣಿನ ಕೆಲಸ, ಚಿತ್ರ, ಕುಣಿತ, ಯಾವ ತರಗತಿ ಎಲ್ಲಿ ಎಂದು ಅದರಲ್ಲಿ ಸಿಗುತ್ತದೆ.

ನಿನಗೆ ಕ್ರೋಶ ಹೆಣಿಗೆ ಬರುತ್ತದೆ ಎಂದಿದ್ದೀ, ಅಲ್ವಾ? ಕಡ್ಡಿಗಳನ್ನು ಬ್ಯಾಗಿಗೆ ಹಾಕು. ಉಲ್ಲನ್ ಅಲ್ಲೇ ಸಿಗುತ್ತದೆ. ಇಂಥ ಕೂಟದ ಮೇಜಿನಲ್ಲಿ ನಿನ್ನ ಇಂಗ್ಲಿಷ್ ಹೇಗಿದೆ ಎಂದು ಯಾರೂ ನೋಡುವುದಿಲ್ಲ. ಕೈ ಓಡುತ್ತಿರುತ್ತದೆ. ಮಾತಿಲ್ಲದಿದ್ದರೂ ಮುಜುಗರ ಆಗುವುದಿಲ್ಲ. ಪಕ್ಕದವರು ನಿನ್ನ ಹೊಲಿಗೆ ನೋಡಿ ಒಂದು ಮಾತು ಕೇಳುತ್ತಾರೆ, ನೀನು ತೋರಿಸಿಕೊಡುತ್ತೀ, ಪರಿಚಯ ಆಗಿಬಿಡುತ್ತದೆ. ಪಾರ್ಟಿಯಲ್ಲಿ ಗ್ಲಾಸ್ ಹಿಡಿದು ನಿಂತು ಮಾತು ಹುಡುಕುವುದಕ್ಕಿಂತ ಇದು ಎಷ್ಟೋ ಸುಲಭ. ಆದರೆ ಒಂದೇ ಜಾಗಕ್ಕೆ ತಪ್ಪದೆ ಹೋಗಬೇಕು. ವಾರಕ್ಕೊಂದು ಹೊಸ ಜಾಗ ಸುತ್ತಿದರೆ ಎಲ್ಲ ಕಡೆ ನೀನು ಹೊಸಬಳೇ.

ಮೆಟೀ ಜನರ ನೇಯ್ಗೆಯನ್ನು ಎಲ್ಲಿ ಕಲಿಸಿದರೂ ಬಿಡಬೇಡ. ಮೂಲನಿವಾಸಿ ತಾಯಂದಿರು ಮತ್ತು ಯುರೋಪಿನಿಂದ ತುಪ್ಪಳದ ವ್ಯಾಪಾರಕ್ಕೆ ಬಂದವರ ಸಂತತಿಯಿಂದ ಬೆಳೆದ ಸಮುದಾಯ ಅದು. ಅವರ ಸೊಂಟಪಟ್ಟಿ ಬಹಳ ಪ್ರಸಿದ್ಧ. ಕೆಂಪು ಹೆಚ್ಚಿರುವ ಉಣ್ಣೆಯ ಅಗಲ ಪಟ್ಟಿ, ಅದರಲ್ಲಿ ಬಾಣದ ತುದಿಯಂಥ ವಿನ್ಯಾಸ. ಮಗ್ಗವೇ ಇಲ್ಲ. ಎಳೆಗಳ ಒಂದು ತುದಿಯನ್ನು ಯಾವುದಕ್ಕಾದರೂ ಕಟ್ಟಿ, ಬೆರಳಿನಲ್ಲೇ ಒಂದರ ಕೆಳಗೆ ಒಂದು ದಾಟಿಸುತ್ತಾ ಹೋಗುವುದು. ಅಜ್ಜಿ ಕೇದಗೆ ಜಾತಿಯ ಮುಂಡುಗದ ಓಲೆಯಿಂದ ಚಾಪೆ ಹೆಣೆಯುವುದನ್ನು ನೋಡಿದ ನಿನಗೆ ಆ ಬೆರಳುಗಳ ಲೆಕ್ಕ ಬೇಗ ಹಿಡಿಯುತ್ತದೆ. ಪೂರ್ತಿ ಪಟ್ಟಿ ಒಂದಕ್ಕೆ ನೂರಾರು ಗಂಟೆ ಬೇಕು. ಹಿಂದೆ ದೋಣಿಯಲ್ಲಿ ಸರಕು ಸಾಗಿಸುತ್ತಿದ್ದವರು ಭಾರ ಹೊರುವಾಗ ಸೊಂಟಕ್ಕೆ ಬಿಗಿಯಲು ಇದನ್ನು ಕಟ್ಟುತ್ತಿದ್ದರು. ಬೇಕಾದಾಗ ಹಗ್ಗವೂ ಅದೇ. ಇವರ ಮಣಿಯ ಕಸೂತಿಯೂ ಹಾಗೆಯೇ, ಹೂವಿನ ಬಳ್ಳಿಗಳನ್ನು ನೋಡುತ್ತಾ ನಿಂತುಬಿಡುತ್ತೀ. ಈ ಕೆಲಸಗಳ ಹಿಂದೆ ನೆಲ ಕಳೆದುಕೊಂಡ ನೋವಿದೆ. ಕಲಿಸುವವರು ಅದನ್ನು ಹೇಳುವಾಗ ಮಧ್ಯೆ ಬಾಯಿ ಹಾಕದೆ ಕೇಳು.

ಹೊರಗೆ ಕಾಲಿಡಲೇ ಆಗದಂಥ ದಿನಕ್ಕೆ ಕೌಮಾಯುಕ್ ಇದೆ. ವಿನ್ನಿಪೆಗ್ ಆರ್ಟ್ ಗ್ಯಾಲರಿಗೆ ಸೇರಿದ, ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳಾದ ಇನುಯಿಟರ ಕಲೆಯ ಕೇಂದ್ರ, 2021ರಲ್ಲಿ ತೆರೆದದ್ದು. ಮೂರು ಮಾಳಿಗೆಯೆತ್ತರದ ಗಾಜಿನ ಕಪಾಟಿನಲ್ಲಿ ಕಲ್ಲಿನಲ್ಲೂ ಮೂಳೆಯಲ್ಲೂ ಕೆತ್ತಿದ ಸಾವಿರಾರು ಮೂರ್ತಿಗಳು. ನನಗೆ ಇಡೀ ಊರಿನಲ್ಲಿ ಅತಿ ಇಷ್ಟದ ಜಾಗ.

ಬಟ್ಟೆಯ ಬಗ್ಗೆ ಮಂಗಳೂರಿನಲ್ಲಿ ದುಡ್ಡು ಸುರಿಯಬೇಡ. ಅಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಎಲ್ಲರೂ ಹೋಗುತ್ತಾರೆ, ನಾಚಿಕೆಯ ವಿಷಯ ಅಲ್ಲ. ಮೆನೊನೈಟ್ ಎಂಬ ಕ್ರೈಸ್ತ ಸಮುದಾಯದವರ ಇಂಥ ಅಂಗಡಿ ಶುರುವಾದದ್ದೇ ವಿನ್ನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದ ಆಲ್ಟೋನಾ ಎಂಬ ಸಣ್ಣ ಊರಿನಲ್ಲಿ, 1972ರಲ್ಲಿ. ಒಳ್ಳೆಯ ಕೋಟು ಕಡಿಮೆಗೆ ಸಿಗುತ್ತದೆ. ಬೂಟು ಮಾತ್ರ ಹೊಸದೇ ಕೊಳ್ಳು. ಕೈಗೆ ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ಗಾಳಿ ಸೇರಿ ಮೈನಸ್ 28 ದಾಟಿದರೆ ಬರಿ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಭಾನುವಾರ ಬಸ್ ಕಮ್ಮಿ, ಹೊತ್ತು ನೋಡಿಯೇ ಹೊರಡು.

ನಿನ್ನ ಕ್ರೋಶದ ಚೀಲಗಳನ್ನು ಮಾರಬಹುದಾ ಎಂದೂ ಕೇಳಿದ್ದೀ. ನಿನ್ನ ಪರ್ಮಿಟ್‌ನಲ್ಲಿ ಕೆಲಸಕ್ಕೆ ಅನುಮತಿ ಇದೆಯಾ ಎಂದು ಮೊದಲು ಓದು. ಇದ್ದರೆ ಮುಂದಿನ ಚಳಿಗಾಲಕ್ಕೆ ಒಂದು ಮೇಜು ಹಿಡಿಯೋಣ, ನಾನೂ ಕೂರುತ್ತೇನೆ. ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ, ಓಲೆ ಚಾಪೆ ತರುವ ಆಸೆ ಇದ್ದರೆ ಅಲ್ಲಿ ಇಳಿದ ಕೂಡಲೇ ಕಸ್ಟಮ್ಸ್‌ನವರಿಗೆ ಹೇಳಲೇಬೇಕು. ಗಿಡಮರದಿಂದ ಮಾಡಿದ್ದನ್ನು ಹೇಳದೆ ತಂದರೆ ದಂಡ ಬೀಳಬಹುದು. ಹಗುರವಾದ ಒಂದು ಕಾಸರಗೋಡು ಸೀರೆ ತಾ. ನಮ್ಮೂರ ಕೈಮಗ್ಗದ್ದು ಎಂದು ತೋರಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಅಲ್ಲಿ ಎಲ್ಲರೂ "ನಿಮ್ಮ ಕಡೆ ಏನು ಕಲೆ?" ಎಂದು ಕೇಳುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ನಮ್ಮ ಕಡೆಯ ಯಕ್ಷಗಾನ ಶೈಲಿ ತೆಂಕುತಿಟ್ಟಿನ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳಲು ಈಗಲೇ ಅಭ್ಯಾಸ ಮಾಡಿಕೋ. ಹೊರಡುವ ಮೊದಲು ಕುಂಬಳೆ ಜಾತ್ರೆಯ ಬೆಡಿಗೂ, ಅಂದರೆ ಸುಡುಮದ್ದು ನೋಡಲೂ, ಹೋಗಿ ಬಾ.

ನೀನು ತಲುಪುವ ಹೊತ್ತಿಗೆ ಫೆಬ್ರವರಿಯ ಜಾತ್ರೆ ಹತ್ತಿರ ಬಂದಿರುತ್ತದೆ. ಫೆಸ್ಟಿವಲ್ ದು ವೊಯಾಜರ್ ಎಂದು ಹೆಸರು, 1970ರಿಂದ ಸೇಂಟ್ ಬೋನಿಫೇಸ್ ಎಂಬ ಫ್ರೆಂಚ್ ಮಾತಾಡುವ ಭಾಗದಲ್ಲಿ ನಡೆಯುತ್ತಿದೆ. ಮನೆಯಷ್ಟು ಎತ್ತರದ ಹಿಮದ ಶಿಲ್ಪಗಳು, ಪಿಟೀಲು, ಕುಣಿತ, ಗಡ್ಡ ಬೆಳೆಸುವ ಸ್ಪರ್ಧೆ. ಮೇಪಲ್ ಪಾಕವನ್ನು ಬಿಸಿಬಿಸಿಯಾಗಿ ಹಿಮದ ಮೇಲೆ ಸುರಿದು, ಗಟ್ಟಿಯಾಗುವಾಗ ಕಡ್ಡಿಗೆ ಸುತ್ತಿ ಕೊಡುತ್ತಾರೆ. ಅದೇ ಹೊತ್ತಿಗೆ, ಫೆಬ್ರವರಿಯ ಮೂರನೇ ಸೋಮವಾರ, ಲೂಯಿ ರಿಯೆಲ್ ದಿನದ ರಜೆ ಬರುತ್ತದೆ. 1870ರಲ್ಲಿ ಮ್ಯಾನಿಟೋಬಾ ಪ್ರಾಂತ್ಯ ಆಗಲು ಹೋರಾಡಿದ ಮೆಟೀ ನಾಯಕ ರಿಯೆಲ್. ಅವನ ಸಮಾಧಿಯೂ ಸೇಂಟ್ ಬೋನಿಫೇಸಿನ ಕೆಥೆಡ್ರಲ್ ಅಂಗಳದಲ್ಲೇ ಇದೆ. ನಾನು ಅಷ್ಟರಲ್ಲಿ ವಾಪಸ್ ಬಂದಿರುತ್ತೇನೆ. ಗಂಡನಿಗೆ ಅವತ್ತು ಶಿಫ್ಟ್ ಇಲ್ಲದಿದ್ದರೆ ಇಬ್ಬರೂ ಬನ್ನಿ, ಇದ್ದರೆ ನೀನೊಬ್ಬಳೇ ಬಾ. ಬಸ್ ಸ್ಟಾಪಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.