ಮೊದಲ ಪ್ರಶ್ನೆಗೇ ಕೈ ಎತ್ತು

"ಅಕ್ಕಾ, ಜರ್ಮನಿಯ ಗೋಟಿಂಗೆನ್‌ಗೆ ಪಿಎಚ್‌ಡಿಗೆ ಬಂದು ಒಂದು ಸೆಮಿಸ್ಟರ್ ಆಯ್ತು. ಸೆಮಿನಾರ್‌ನಲ್ಲಿ ಗಂಡಸರೇ ಮಾತಾಡ್ತಾರೆ, ಮುಗಿದ ಮೇಲೆ ಬಿಯರ್‌ಗೆ ಹೋಗ್ತಾರೆ. ಎರಡು ಕಡೆಯೂ ನಾನು ಮೂಲೆಗೆ" ಅಂತ ಬರೆದಿದ್ದೀಯ.

ನೋಡಮ್ಮ, ನಮ್ಮಲ್ಲಿ ಗೈಡ್ ಎದುರು ಬಾಯಿ ಬಿಡದ ಹುಡುಗಿಗೆ ವಿನಯವಂತೆ ಅಂತಾರೆ. ಇಲ್ಲಿ ಅವಳಿಗೆ ಹೇಳೋಕೇನೂ ಇಲ್ಲ ಅಂದುಕೊಂಡುಬಿಡ್ತಾರೆ. ಆದರೆ ಇದು ನಿನ್ನೊಬ್ಬಳ ಸಂಕೋಚ ಅಲ್ಲ. 10 ದೇಶಗಳ 35 ಸಂಸ್ಥೆಗಳಲ್ಲಿ ಸುಮಾರು 250 ಸೆಮಿನಾರ್‌ಗಳನ್ನು ಕೂತು ಗಮನಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಹೆಂಗಸರು ಕೇಳುವ ಪ್ರಶ್ನೆ ಗಂಡಸರಿಗಿಂತ ಬಹಳ ಕಡಿಮೆ. ಮೊದಲ ಪ್ರಶ್ನೆ ಗಂಡಸಿನದಾದರೆ ಇನ್ನೂ ಕಡಿಮೆ. ಅದಕ್ಕೇ ಹೇಳೋದು, ಮೊದಲು ಕೈ ಎತ್ತೋಳು ನೀನಾಗು. ಚರ್ಚೆ ನಡೆಸುವವರು ಸಾಮಾನ್ಯವಾಗಿ ಕೈ ಎತ್ತಿದ ಕ್ರಮದಲ್ಲೇ ಕರೀತಾರೆ, ಮೆಲುದನಿಯವರಿಗೆ ಇದು ದೊಡ್ಡ ಅನುಕೂಲ. "ಆ ಅಂದಾಜು ಎಲ್ಲಿಂದ ಬಂತು?" ಅನ್ನುವಷ್ಟು ಪ್ರಶ್ನೆ ಸಾಕು. ನೀನು ಹೇಳಿದ್ದನ್ನೇ ಇನ್ನೊಬ್ಬ ತನ್ನದು ಅನ್ನೋ ಹಾಗೆ ಹೇಳಿದರೆ, "ಈಗಷ್ಟೇ ನಾನು ಹೇಳಿದ್ದು ಅದೇ" ಅಂತ ಅಲ್ಲೇ ಹೇಳು. ನೇರ ಮಾತಿಗೆ ಇಲ್ಲಿ ಅಷ್ಟು ಬೇಗ ಬೇಜಾರು ಮಾಡ್ಕೊಳ್ಳಲ್ಲ.

ನೀನು ಓದ್ತಿರೋ ಊರಿಗೇ 1915ರಲ್ಲಿ ಗಣಿತಜ್ಞೆ ಎಮ್ಮಿ ನೋಥರ್‌ರನ್ನು ಅಲ್ಲಿನ ಗಣಿತ ಪ್ರೊಫೆಸರುಗಳಾದ ಹಿಲ್ಬರ್ಟ್ ಮತ್ತು ಕ್ಲೈನ್ ಕರೆಸಿಕೊಂಡರು. ಹೆಂಗಸು ಅನ್ನೋ ಒಂದೇ ಕಾರಣಕ್ಕೆ 1919ರವರೆಗೂ ಆಕೆಗೆ ಬೋಧನೆಯ ಅಧಿಕಾರ ಸಿಗಲಿಲ್ಲ. ಪಾಠ ಆಕೆಯದು, ಪಾಠಗಳ ಪಟ್ಟಿಯಲ್ಲಿ ಹೆಸರು ಹಿಲ್ಬರ್ಟ್‌ದು. ಆ ಕಾಲ ಹೋಯಿತು, ಅದರ ಬಾಲ ಇನ್ನೂ ಇದೆ. ಮೀಟಿಂಗ್‌ನ ಟಿಪ್ಪಣಿ ಬರೆಯೋದು, ಕೇಕ್ ತಿಂದಾದ ಮೇಲೆ ತಟ್ಟೆ ಎತ್ತೋದು ಹೇಗೋ ಹುಡುಗಿಯರ ಪಾಲಿಗೇ ಬರುತ್ತೆ. ನನಗೆ ಈಗಲೂ ಸಿಟ್ಟು ಬರುತ್ತೆ. ಒಂದು ಸಲ ಮಾಡು, ಮುಂದಿನ ಸಲ "ಈಗ ನಿಮ್ಮ ಸರದಿ" ಅನ್ನು.

ಸೆಮಿನಾರ್ ಮುಗಿದ ಮೇಲೆ ಅವರೆಲ್ಲ ಬಿಯರ್‌ಗೆ, ಊಟಕ್ಕೆ ಹೊರಟರೆ ಮಾತ್ರ ತಪ್ಪದೆ ಹೋಗು. ಯಾವ ಹುದ್ದೆ ಖಾಲಿ ಆಗ್ತಿದೆ, ಯಾರು ಯಾರ ಜೊತೆ ಪೇಪರ್ ಬರೀತಿದ್ದಾರೆ ಅನ್ನೋದೆಲ್ಲ ಆ ಟೇಬಲ್ಲಿನಲ್ಲೇ ಗೊತ್ತಾಗೋದು. ಬಿಯರ್ ಬೇಡ ಅಂದ್ರೆ ಸೋಡಾ ಬೆರೆಸಿದ ಸೇಬಿನ ರಸ, ಆಪ್‌ಫೆಲ್‌ಶೋರ್ಲೆ ಹೇಳು. ಯಾಕೆ ಕುಡಿಯಲ್ಲ ಅಂತ ಪದೇ ಪದೇ ಕೇಳಲ್ಲ. ಬಿಲ್ಲು ಅವರವರದು, ಯಾವನೋ ನಿನ್ನದೂ ಕೊಟ್ಟು ಋಣ ಹೊರಿಸೋ ಪ್ರಮೇಯವಿಲ್ಲ. ಭೇಟಿಯಾದಾಗ ಅಪ್ಪಿಕೊಳ್ಳೋದು ನಿನಗೆ ಇಷ್ಟ ಇಲ್ಲದಿದ್ದರೆ ಕೈ ಮುಂದೆ ಚಾಚು.

ಯಾರಾದರೂ ಮಿತಿ ಮೀರಿದರೆ ಗೈಡ್ ಹತ್ತಿರವೇ ಮೊದಲು ಹೋಗಬೇಕು ಅಂತಿಲ್ಲ. ವಿಶ್ವವಿದ್ಯಾಲಯದ ಸಮಾನತಾ ಅಧಿಕಾರಿಯನ್ನು ನೇರವಾಗಿ ಕಾಣು. ಮಾತು ಗುಟ್ಟಾಗಿರುತ್ತೆ, ದೂರು ಬರೆದುಕೊಡಬೇಕೋ ಬೇಡವೋ ಅನ್ನೋದನ್ನು ಆಮೇಲೆ ನೀನೇ ತೀರ್ಮಾನಿಸಬಹುದು.