ಊಟ ಅಂಗಳದಲ್ಲಿ, ಸರಿ. ಒಲೆ ಎಲ್ಲಿ?

ಈ ವಾರ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಈ ಕೊರೊನಾ ವರ್ಷದ, 2020ರ ದೀಪಾವಳಿಯದ್ದೇ. ಹೋಗಲಾ ಬೇಡವಾ, ಕರೆಯಲಾ ಬೇಡವಾ. ಎಲ್ಲಾ ಓದ್ತಾ ಬಂದೆ, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಿಂದ ಬಂದ ಪತ್ರಕ್ಕೆ ಬಂದಾಗ ಮಾತ್ರ ಕೈಯಲ್ಲಿದ್ದ ಕಾಫಿ ಆರಿಹೋಯ್ತು, ಅಷ್ಟು ಸಿಟ್ಟು ಬಂತು. ನಿಮ್ಮ ಮೇಲಲ್ಲ ಕಣಮ್ಮ, ಗಾಬರಿ ಬೇಡ.

ನೀವು ಬರೆದಿರೋದು ಇಷ್ಟು. ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಗಂಡ ಮಗು ಜೊತೆ ಬೆಂಗಳೂರಿಂದ ಗಂಡನ ಊರಿಗೆ ಬಂದವರು, ವರ್ಕ್ ಫ್ರಮ್ ಹೋಮ್ ಅಂತ ಅಲ್ಲೇ ಉಳಿದಿದ್ದೀರಿ. ಮನೇಲಿ ಮಾವ, ಅತ್ತೆ. ಅತ್ತೆಗೆ 68, ಶುಗರ್ ಇದೆ, ಒಂದು ಕಿವಿ ಸ್ವಲ್ಪ ಮಂದ. ನವೆಂಬರ್ 16ಕ್ಕೆ ಬಲಿಪಾಡ್ಯ, ಗೋಪೂಜೆ, ಆಮೇಲೆ ಊಟ. ಭಾವನ ಮನೆಯವರು ನಾಲ್ಕು ಜನ, ನಾದಿನಿ ಮನೆಯವರು ನಾಲ್ಕು, ಚಿಕ್ಕಮಾವನವರು ಐದು, ಎಲ್ಲಾ ಬೆಂಗಳೂರಿಂದ ಬರೋರು, ನೀವು ಐದು ಸೇರಿ ಹದಿನೆಂಟು. ಭಾವನವರು ಎಲ್ಲಾ ಪ್ಲಾನ್ ಮಾಡಿದ್ದಾರೆ, ಊಟ ಅಂಗಳದಲ್ಲಿ ಅಡಿಕೆ ಚಪ್ಪರದ ಕೆಳಗೆ, ಮನೆಮನೆಯವರಿಗೆ ಬೇರೆ ಬೇರೆ ಟೇಬಲ್ಲು, ಅದರ ನಕ್ಷೆ ಬರೆದು ಪಿಡಿಎಫ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾರೆ. ನೀವು ಕೇಳಿರೋದು, ಟೇಬಲ್ಲುಗಳ ಮಧ್ಯೆ ಆರಡಿ ಸಾಕಾ, ಎಂಟಡಿ ಬೇಕಾ?

ಆರಡಿ ಸಾಕು, ಎಂಟಾದ್ರೆ ಒಳ್ಳೇದು. ಮಳೆ ಬಂದ್ರೆ ಅಂತ ಚಪ್ಪರದ ಸುತ್ತ ಟಾರ್ಪಾಲ್ ಮಾತ್ರ ಕಟ್ಟಬೇಡಿ, ಮೂರು ಕಡೆ ಮುಚ್ಚಿದ್ರೆ ಅದು ಅಂಗಳ ಅಲ್ಲ, ಮುಚ್ಚಿದ ಹಾಲ್. ಮೇಲಕ್ಕೆ ಮಾತ್ರ ಕಟ್ಟಿ. ಆಯ್ತು, ಆ ಪ್ರಶ್ನೆ ಮುಗೀತು.

ಈಗ ನಿಮ್ಮ ಪತ್ರದ ಎರಡನೇ ಪುಟದ ಕೊನೆಗೆ ಬನ್ನಿ. "ಅಡುಗೆಗೆ ಅತ್ತೆ, ಚಿಕ್ಕತ್ತೆ, ಓರಗಿತ್ತಿ, ನಾದಿನಿ, ನಾನು ಇರ್ತೀವಿ, ಹಾಗಾಗಿ ಅದರದ್ದೇನೂ ತೊಂದರೆ ಇಲ್ಲ." ಒಂದೇ ಒಂದು ಸಾಲು, ಅದಾದ ಮೇಲೆ ಮತ್ತೆ ಟೇಬಲ್ಲು.

ಎಣಿಸಿ ನೋಡಿ. ನಾಲ್ಕು ಮನೆಯ ಐದು ಹೆಂಗಸರು, ಒಂದು ಅಡುಗೆಮನೆ, ಬೆಳಗ್ಗೆ ಏಳಕ್ಕೆ ಹೊಕ್ಕರೆ ಹನ್ನೆರಡೂವರೆವರೆಗೆ ಅಲ್ಲೇ. ಹದಿನೆಂಟು ಜನಕ್ಕೆ ತಲೆಗೆ ಮೂರು ಮೂರು ಹೋಳಿಗೆ ಅಂದ್ರೂ ಐವತ್ತು ದಾಟ್ತು, ಒಬ್ಬರು ಹೂರಣ ಉಂಡೆ ಕಟ್ಟಬೇಕು, ಒಬ್ಬರು ಕಣಕದಲ್ಲಿ ತುಂಬಿ ತಟ್ಟಬೇಕು, ಒಬ್ಬರು ಕಾವಲಿ ಮುಂದೆ, ಇವರ ಮಧ್ಯೆ ಮೊಣಕೈಗೆ ಮೊಣಕೈ ತಾಗುತ್ತೆ, ಆರಡಿ ಎಲ್ಲಿಂದ ಬರುತ್ತೆ? ಮಾಸ್ಕ್ ಹಾಕ್ಕೊಳ್ತೀವಿ ಅಂತೀರಿ. ನಾನೂ ಗಣೇಶನ ಹಬ್ಬದ ದಿನ ಹಾಕ್ಕೊಂಡು ಕಡುಬು ಬೇಯಿಸೋಕೆ ನಿಂತಿದ್ದೆ, ಹತ್ತು ನಿಮಿಷಕ್ಕೆ ಹಬೆಗೆ ಒದ್ದೆಯಾಗಿ ಮೂಗಿಗೆ ಅಂಟ್ಕೊಳ್ತು, ಆಮೇಲೆ ಮೂಗಿನ ಕೆಳಗೆ ಬಂತು, ಆಮೇಲೆ ಗಲ್ಲಕ್ಕೆ, ಕೊನೆಗೆ ಸಾಸಿವೆ ಡಬ್ಬಿ ಪಕ್ಕ ಸಿಕ್ತು. ಅದರ ಮೇಲೆ ಮಿಕ್ಸಿ ಓಡ್ತಿರುತ್ತೆ, ಅತ್ತೆಗೆ ಕಿವಿ ಮಂದ, ಎಲ್ಲರೂ ಕೂಗೇ ಮಾತಾಡೋದು. ಮೆಲ್ಲಗೆ ಮಾತಾಡೋದಕ್ಕಿಂತ ಜೋರಾಗಿ ಮಾತಾಡಿದಾಗ ಬಾಯಿಂದ ಹನಿ ಜಾಸ್ತಿ ಹಾರುತ್ತೆ, ಇದು ನಾನು ಹೇಳ್ತಿರೋದಲ್ಲ, ಇದನ್ನೇ ಓದಿಕೊಂಡಿರೋರು ಹೇಳಿರೋದು.

2020ರ ಜನವರಿ 24ರಂದು ಚೀನಾದ ಗ್ವಾಂಗ್‌ಝೌ ಊರಲ್ಲಿ ಏನಾಯ್ತು ಗೊತ್ತಾ. ಅವರ ಹೊಸವರ್ಷದ ಹಿಂದಿನ ದಿನ, ಮೂರು ಕುಟುಂಬ ಒಂದೇ ರೆಸ್ಟೋರೆಂಟಲ್ಲಿ ಅಕ್ಕಪಕ್ಕದ ಟೇಬಲ್ಲಲ್ಲಿ ಊಟಕ್ಕೆ ಕೂತಿದ್ರು, ಒಬ್ಬರಿಗೊಬ್ಬರು ಪರಿಚಯ ಇಲ್ಲ, ಟೇಬಲ್ಲುಗಳ ಮಧ್ಯೆ ಸುಮಾರು ಒಂದು ಮೀಟರ್. ಕಿಟಕಿ ಇಲ್ಲ, ಏಸಿ ಓಡ್ತಿತ್ತು. ಒಬ್ಬರಿಂದ ಶುರುವಾಗಿ ಮೂರೂ ಮನೆ ಸೇರಿ ಹತ್ತು ಜನಕ್ಕೆ ಬಂತು. ಪಕ್ಕದ ಟೇಬಲ್ಲಿನವರು ಅವರ ಜೊತೆ ಕೂತಿದ್ದು ಒಂದು ಗಂಟೆ ಆಸುಪಾಸು ಅಷ್ಟೇ. ನಿಮ್ಮ ಅಡುಗೆಮನೆಯಲ್ಲಿ ಐದೂವರೆ ಗಂಟೆ.

ಆಮೇಲೆ ಅಂಗಳದ ಊಟ. ಅಲ್ಲೂ ನೋಡಿ, ಪಿಡಿಎಫ್‌ನಲ್ಲಿ ನಾಲ್ಕು ಟೇಬಲ್ಲಿಗೆ ಹದಿಮೂರೇ ಕುರ್ಚಿ ಅಂತ ನೀವೇ ಬರೆದಿದ್ದೀರಿ. ಮಿಕ್ಕ ಐದು ಯಾರದ್ದು ಅಂತ ಕೇಳಬೇಕಾ? ಬಡಿಸೋದು ಮುಗಿದ ಮೇಲೆ ಒಳಗೆ ಕೂತು, ಆರಿದ ಅನ್ನಕ್ಕೆ ತಳದ ಸಾರು ಹಾಕ್ಕೊಂಡು, ಅಬ್ಬಾ ಆಯ್ತಪ್ಪ ಅಂತ ಮಾಸ್ಕ್ ಇಲ್ಲದೆ ನಗ್ತಾ ಊಟ ಮಾಡೋ ಐದು ಜನ. ಹೆಂಗಸರ ಎರಡನೇ ಪಂಕ್ತಿ ಬಗ್ಗೆ ನಾನು ಈ ಅಂಕಣದಲ್ಲಿ ಹತ್ತು ಸಲ ಬರೆದಿದ್ದೀನಿ, ಬೈಸ್ಕೊಂಡಿದ್ದೀನಿ, ಹನ್ನೊಂದನೇ ಸಲವೂ ಬರೀತೀನಿ. ಮನೆಯ ಗಂಡಸರಿಗೆ, ಮಕ್ಕಳಿಗೆ ಗಾಳಿ ಬೆಳಕು, ಶುಗರ್ ಇರೋ 68ರ ಅತ್ತೆಗೆ ಮಾತ್ರ ಮುಚ್ಚಿದ ಕೋಣೆ. ಇದಕ್ಕೆ ಸೇಫ್ ಹಬ್ಬ ಅಂತ ಹೆಸರು ಬೇರೆ.

ಭಾವನವರ ಬಗ್ಗೆ ನೀವು ತುಂಬಾ ಗೌರವದಿಂದ ಬರೆದಿದ್ದೀರಿ, ಪಾಪ ಎಷ್ಟು ಓಡಾಡ್ತಿದ್ದಾರೆ ಅಂತ. ನನಗೇನೂ ಪಾಪ ಅನ್ನಿಸಲಿಲ್ಲ. ಹಣೆಗೆ ಹಿಡಿಯೋ ಥರ್ಮಾಮೀಟರ್ ತಗೊಂಡಿದ್ದಾರೆ, ಸರಿ, ಆದರೆ ಈ ಕಾಯಿಲೆ ಜ್ವರ ಕೆಮ್ಮು ಶುರುವಾಗೋಕೆ ಎರಡು ದಿನ ಮುಂಚೇನೇ ಹರಡುತ್ತೆ, ಆ ಎರಡು ದಿನ ಗನ್ನು ಏನು ತೋರಿಸುತ್ತೆ? ಕಾಲಲ್ಲಿ ಒತ್ತೋ ಸ್ಯಾನಿಟೈಸರ್ ಸ್ಟ್ಯಾಂಡ್ ತಂದಿದ್ದಾರೆ, ಅದನ್ನ ಹಣತೆ ಪಟಾಕಿ ಒಲೆ ಇವುಗಳಿಂದ ದೂರ ಇಡಿ, ಅದು ಸ್ಪಿರಿಟ್ಟು, ಹತ್ಕೊಳ್ಳುತ್ತೆ, ಮಕ್ಕಳಿಗೆ ಸೋಪು ನೀರೇ ಸಾಕು. ಹದಿಮೂರು ಜನಾನೂ ಒಂದೇ ಟಿಟಿ (ಟೆಂಪೋ ಟ್ರಾವೆಲರ್) ಮಾಡ್ಕೊಂಡು ಬರ್ತಾರಂತೆ, ಏಸಿ ಹಾಕ್ಕೊಂಡು ಏಳೆಂಟು ಗಂಟೆ! ಟಿಟಿಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು ಬಂದೋರಿಗೆ ಅಂಗಳದಲ್ಲಿ ಆರಡಿ ಯಾಕೆ ಬೇಕು ಅಂತ ಕೇಳಿ. ಅವರವರ ಕಾರಲ್ಲಿ ಕಿಟಕಿ ಇಳಿಸ್ಕೊಂಡು ಬರಲಿ.

ಕೇಸು ಕಮ್ಮಿ ಆಗ್ತಿದೆಯಲ್ಲ ಅಂತ ನಿಮ್ಮ ಯಜಮಾನರು ಅಂದ್ರಂತೆ. ಹೌದು, ಅಕ್ಟೋಬರ್ ಮೊದಲ ವಾರ ರಾಜ್ಯದಲ್ಲಿ ದಿನಕ್ಕೆ ಹತ್ತು ಸಾವಿರ ಇದ್ದದ್ದು ನವೆಂಬರ್ ಮೊದಲ ವಾರಕ್ಕೆ ಮೂರು ಸಾವಿರದ ಆಸುಪಾಸಿಗೆ ಬಂತು. ಪಕ್ಕದ ಕೇರಳದಲ್ಲೂ ಆಗಸ್ಟ್ ಕೊನೆಗೆ ಓಣಂ ಹೊತ್ತಲ್ಲಿ ಎರಡು ಸಾವಿರದ ಹತ್ತಿರ ಇತ್ತು, ಅಕ್ಟೋಬರ್ 7ಕ್ಕೆ ಹತ್ತು ಸಾವಿರ ದಾಟ್ತು. 2020ರ ಈ ನವೆಂಬರ್‌ವರೆಗೆ ಲಸಿಕೆ ಬಂದಿಲ್ಲ.

ನೀವು ಮಾಡಬೇಕಾದ್ದು ಒಂದೇ ಕೆಲಸ. ಒಲೆ ಅಂಗಳಕ್ಕೆ ತನ್ನಿ. ಆಗಲ್ಲ ಅನ್ನಬೇಡಿ, ಈಗ ಕೊನೆಕೊಯ್ಲು ಶುರುವಾಗಿ ಮನೆ ಹಿಂದೆ ಅಡಿಕೆ ಬೇಯಿಸೋ ಒಲೆ ದಿನಾ ಉರೀತಿದೆ ಅಂತ ನೀವೇ ಬರೆದಿದ್ದೀರಿ, ಅವತ್ತೊಂದು ದಿನ ಅದರ ಮೇಲೆ ಅನ್ನ ಸಾರು ಆಗುತ್ತೆ. ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್, ಎರಡು ಬರ್ನರ್ ಒಲೆ, ಹೋಳಿಗೆಗೆ. ತಟ್ಟೋರು ಒಂದು ಕಡೆ, ಬೇಯಿಸೋರು ಒಂದು ಕಡೆ, ಮಧ್ಯೆ ಗಾಳಿ ಓಡಾಡಬೇಕು. ದೇವರ ನೈವೇದ್ಯಕ್ಕೆ ಮಡಿ ಅಡುಗೆ ಒಳಗೇ ಆಗಬೇಕು ಅಂತ ಅತ್ತೆ ಅಂದ್ರೆ ಜಗಳ ಬೇಡ, ಒಂದು ಪಾಯಸ, ಒಂದು ಅನ್ನ, ಅವರೊಬ್ಬರೇ ಒಳಗೆ ಮಾಡ್ಲಿ, ಉಳಿದವರು ಹೊಸಿಲು ದಾಟೋದು ಬೇಡ. (ಮಡಿಗೂ ಸೋಶಿಯಲ್ ಡಿಸ್ಟೆನ್ಸಿಗೂ ಗಂಟು ಹಾಕಿ ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು ಅಂತ ವಾಟ್ಸಾಪ್ ಕಳಿಸೋರಿಗೆ ಬೇರೆ ದಿನ ಬರೀತೀನಿ, ಅದು ಇಷ್ಟರಲ್ಲಿ ಮುಗಿಯಲ್ಲ.) ಕುರ್ಚಿ ಹದಿನೆಂಟು ಇರಬೇಕು. ಎಲೆಗೆ ಬಡಿಸಿಟ್ಟು ಎಲ್ಲರೂ ಒಟ್ಟಿಗೆ ಕೂರಿ, ಮನೆಗೊಬ್ಬ ಗಂಡಸು ಅವರವರ ಟೇಬಲ್ಲಿಗೆ ಬಡಿಸಲಿ, ಕೈಯೇನೂ ಸವೆಯಲ್ಲ.

ಒಲೆ ಹೊರಗೆ ಬರಲ್ಲ ಅಂತಾದ್ರೆ ಊಟಾನೇ ಬೇಡ. ಗೋಪೂಜೆ ನೋಡ್ಕೊಂಡು, ದೂರದಿಂದ ಮಾತಾಡ್ಕೊಂಡು, ಅವರವರ ಬುತ್ತಿ ಅವರವರು ಬಿಚ್ಕೊಳ್ಳಲಿ.

ಇದನ್ನ ಅತ್ತೆಗೆ ಹೇಳೋಕೆ ಹೋಗಬೇಡಿ, ಸೊಸೆ ಕೆಲಸ ತಪ್ಪಿಸ್ಕೊಳ್ಳೋಕೆ ನೋಡ್ತಿದ್ದಾಳೆ ಅಂತ ಆಗುತ್ತೆ. ಭಾವನವರ ಪಿಡಿಎಫ್ ಪ್ರಿಂಟ್ ತಗೊಳ್ಳಿ, ಚಪ್ಪರದ ಆಚೆ ಪೆನ್ನಲ್ಲಿ ಒಂದು ಚೌಕ ಬರೆದು "ಒಲೆ" ಅಂತ ಬರೀರಿ, ಐದು ಕುರ್ಚಿ ಸೇರಿಸಿ, ಫೋಟೋ ತೆಗೆದು ಗ್ರೂಪಿಗೆ ನಿಮ್ಮ ಯಜಮಾನರ ಫೋನಿಂದ ಇವತ್ತು ರಾತ್ರಿನೇ ಹಾಕಿಸಿ. ಕೆಳಗೆ ಒಂದೇ ಸಾಲು ಸಾಕು: ಭಾನುವಾರ ಬಂದು ಸಿಲಿಂಡರ್ ಎತ್ತಿಡೋಕೆ ನಿಮಗೆ ಎಷ್ಟು ಗಂಟೆಗೆ ಆಗುತ್ತಣ್ಣ?