ರೇಡಿಯೇಷನ್ ಮುಗಿದು ಮೂರು ತಿಂಗಳಾದರೂ ನಿಲ್ಲದ ತುರಿಕೆ
ನಿಮ್ಮ ಅವ್ವನವರಿಗೆ ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ (ವಿಕಿರಣ ಚಿಕಿತ್ಸೆ) ಕೊಟ್ಟ ಎದೆ, ಕಂಕುಳು ಇನ್ನೂ ಕಪ್ಪಾಗಿ ತುರಿಸುತ್ತಿರುವುದೇಕೆ ಎಂದು ಕೇಳಿದ್ದೀರಿ. ಬಹುಶಃ ಆ ರೇಡಿಯೇಷನ್‌ನಿಂದಲೇ. ಬೆವರು, ಎಣ್ಣೆ ಗ್ರಂಥಿಗಳು ಕುಂದಿ ಚರ್ಮ ಒಣಗುತ್ತದೆ. ರೇಡಿಯೇಷನ್ ಆಗಿದ್ದ ನಮ್ಮ ಅಕ್ಕನಿಗೂ ಕಲಬುರಗಿ ಬಿಸಿಲಿಗೆ ತುರಿಕೆ ಜಾಸ್ತಿ ಆಗಿತ್ತು.

ಮೊದಲು ಪೌಡರ್, ಅರಿಶಿನ, ಘಾಟು ಸೋಪು ನಿಲ್ಲಿಸಿ. ಸ್ನಾನದ ನಂತರ ಉಜ್ಜದೆ, ಮೆತ್ತನೆ ಬಟ್ಟೆ ಒತ್ತಿ ಒರೆಸಿ. ತೇವ ಆರುವ ಮೊದಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಬ್ರಾ ಪಟ್ಟಿ ತಾಗುವ ಕಡೆ ನೋಡಿ. ಅಕ್ಕನಿಗೆ ಅಲ್ಲೇ ಗೆರೆ ಎಳೆದಂತೆ ಸುಲಿದಿತ್ತು, ಸಡಿಲ ಹತ್ತಿ ಬನಿಯನ್ ಹಾಕಿದ ಮೇಲೆ ತಗ್ಗಿತು. ಸ್ಟೀರಾಯ್ಡ್ ಮುಲಾಮು ಸುಮ್ನೆ ತಂದು ಹಚ್ಚಬೇಡಿ. ಕಪ್ಪು ಹೋಗಲು ತಿಂಗಳುಗಳೇ ಬೇಕು, ಕೆಲವರಿಗೆ ಪೂರ್ತಿ ಹೋಗುವುದಿಲ್ಲ.

ಕೆಂಪು ಹರಡಿ ಬಿಸಿಯಾದರೆ, ಜ್ವರ ಬಂದರೆ, ಕೈ ಊದಿದರೆ ಅಂದೇ ತೋರಿಸಿ. ಹೊಸ ಗಂಟು, ಕಿತ್ತಳೆ ಸಿಪ್ಪೆಯಂಥ ಚರ್ಮ ಕಂಡರೆ ಮುಂದಿನ ತಪಾಸಣೆಗೆ ಕಾಯಬೇಡಿ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರವಿದೆ, ರೇಡಿಯೇಷನ್ ಕಾಗದಗಳನ್ನು ಒಯ್ಯಿರಿ.